ಮೊದಲು ಮತದಾರರು, ಆಮೇಲೆ ಮತ: ಸಿಯಾಟಲ್‌ನಲ್ಲಿ ಪ್ರಮೀಳಾ ಜಯಪಾಲ್ ನಡೆದ ದಾರಿ

ಭಾರತ ಮೂಲದವರು ಯಾರಾದರೂ ಅಮೆರಿಕದಲ್ಲಿ ಚುನಾವಣೆ ಗೆದ್ದರೆ ಸಾಕು, ನಮ್ಮಲ್ಲಿ ಹುಡುಕಾಟ ಶುರು. ಯಾವ ಊರಿನವರು? ಅಜ್ಜಿ ಮನೆ ಎಲ್ಲಿ? 2025ರ ನವೆಂಬರ್‌ನಲ್ಲಿ ಗಜಾಲಾ ಹಾಶ್ಮಿ ವರ್ಜೀನಿಯಾದ ಲೆಫ್ಟಿನೆಂಟ್ ಗವರ್ನರ್ ಹುದ್ದೆಗೆ ಗೆದ್ದಾಗ ಅವರು ಹುಟ್ಟಿದ ಹೈದರಾಬಾದ್ ಸುದ್ದಿಗೆ ಬಂತು. 2016ರಲ್ಲಿ ಪ್ರಮೀಳಾ ಜಯಪಾಲ್ ಅಮೆರಿಕದ ಜನಪ್ರತಿನಿಧಿ ಸಭೆಗೆ ಆಯ್ಕೆಯಾದಾಗ ಚೆನ್ನೈನವರಿಗೆ ಅವರು ಅಲ್ಲೇ ಹುಟ್ಟಿದವರು, ಕೇರಳದವರಿಗೆ ಮಲಯಾಳಿ ಮನೆಯ ಮಗಳು. ನಮಗೂ ಒಂದು ಎಳೆ ಸಿಕ್ಕಿತ್ತು. ಅವರ ತಂದೆ ತಾಯಿ ನೆಲೆಸಿದ್ದು ಬೆಂಗಳೂರಿನಲ್ಲಿ. ತಾಯಿ ಮಾಯಾ ಜಯಪಾಲ್ ಬೆಂಗಳೂರಿನ ಚರಿತ್ರೆಯ ಬಗ್ಗೆಯೇ ಪುಸ್ತಕ ಬರೆದವರು.

ಊರು ಹುಡುಕುವುದರಲ್ಲಿ ತಪ್ಪೇನಿಲ್ಲ. ನಾನೂ ಹುಡುಕುತ್ತೇನೆ. ಆದರೆ ಈ ಗಡಿಬಿಡಿಯಲ್ಲಿ ಕೇಳಬೇಕಾದ ಪ್ರಶ್ನೆ ಉಳಿದೇ ಹೋಗುತ್ತದೆ. ಅವರಿಗೆ ಓಟು ಹಾಕಿದವರು ಯಾರು? ಯಾಕೆ ಹಾಕಿದರು?

ಜಯಪಾಲ್ ಗೆದ್ದದ್ದು ಸಿಯಾಟಲ್ ನಗರ ಇರುವ ವಾಷಿಂಗ್ಟನ್ ರಾಜ್ಯದ 7ನೇ ಕ್ಷೇತ್ರದಲ್ಲಿ. ಅಲ್ಲಿ ಬಿಳಿಯರೇ ಹೆಚ್ಚು. ನಮ್ಮ ಸಾಫ್ಟ್‌ವೇರ್ ಮಂದಿ ತುಂಬಿರುವ ರೆಡ್ಮಂಡ್, ಬೆಲ್ವ್ಯೂ, ಸಮಾಮಿಶ್ ಎಲ್ಲ ವಾಷಿಂಗ್ಟನ್ ಕೆರೆಯಾಚೆ, ಬೇರೆ ಕ್ಷೇತ್ರಗಳಲ್ಲಿವೆ. ಭಾರತೀಯರ ಓಟಿನಿಂದ ಗೆಲ್ಲುವ ಲೆಕ್ಕ ಅಲ್ಲಿ ನಡೆಯುವುದೇ ಇಲ್ಲ. ಅವರ ಗೆಲುವಿನ ಬೇರು ಇರುವುದು ದಕ್ಷಿಣ ಸಿಯಾಟಲ್‌ನ ಸೊಮಾಲಿ ಅಂಗಡಿಗಳಲ್ಲಿ, ಮಸೀದಿಯ ಅಂಗಳದಲ್ಲಿ, ಪೌರತ್ವದ ಅರ್ಜಿ ತುಂಬಿಸುವ ಮೇಜುಗಳ ಮೇಲೆ. ಸಮುದಾಯದ ಕೆಲಸದಿಂದ ರಾಜಕೀಯಕ್ಕೆ ಬರುವುದು ಅಂದರೆ ಏನು ಅಂತ ಅರ್ಥ ಮಾಡಿಕೊಳ್ಳಬೇಕಾದರೆ ಅಲ್ಲಿಂದಲೇ ನೋಡಬೇಕು.

ಹದಿನೆಂಟು ವರ್ಷದ ಕಾಯುವಿಕೆ

ಜಯಪಾಲ್ ಹುಟ್ಟಿದ್ದು 1965ರಲ್ಲಿ, ಆಗಿನ ಮದ್ರಾಸಿನಲ್ಲಿ. ಬೆಳೆದದ್ದು ಇಂಡೋನೇಷ್ಯಾ ಮತ್ತು ಸಿಂಗಪುರದಲ್ಲಿ. 1982ರಲ್ಲಿ, 16ನೇ ವಯಸ್ಸಿಗೆ, ಒಬ್ಬರೇ ಅಮೆರಿಕಕ್ಕೆ ಹೋದರು. ಅಪ್ಪ ಅಮ್ಮ ಕೂಡಿಟ್ಟಿದ್ದ ಸುಮಾರು 5,000 ಡಾಲರ್ ಅಷ್ಟೂ ಮಗಳ ಓದಿಗೆ ಹೋಯಿತು ಅಂತ ಅವರು ಎಷ್ಟೋ ಸಲ ಹೇಳಿದ್ದಾರೆ. ಜಾರ್ಜ್‌ಟೌನ್ ವಿಶ್ವವಿದ್ಯಾಲಯದಲ್ಲಿ ಡಿಗ್ರಿ, ವಾಲ್ ಸ್ಟ್ರೀಟ್‌ನ ಪೇನ್‌ವೆಬರ್ ಕಂಪನಿಯಲ್ಲಿ ಕೆಲಸ, ನಾರ್ತ್‌ವೆಸ್ಟರ್ನ್‌ನಲ್ಲಿ ಎಂಬಿಎ. ಇಲ್ಲಿಯವರೆಗೆ ನಮ್ಮ ಬಡಾವಣೆಯ ಯಾವುದೇ ಮನೆಯ ಮಗಳ ಕತೆ ಇದ್ದ ಹಾಗೇ ಇದೆ, ಅಲ್ವಾ? ತಿರುವು ಬಂದಿದ್ದು ಆಮೇಲೆ. ಸಿಯಾಟಲ್‌ಗೆ ಬಂದರು, ಕಾರ್ಪೊರೇಟ್ ಕೆಲಸ ಬಿಟ್ಟರು, ಬಡ ದೇಶಗಳ ಆರೋಗ್ಯದ ಮೇಲೆ ಕೆಲಸ ಮಾಡುವ ಪಾತ್ ಎನ್ನುವ ಸಂಸ್ಥೆ ಸೇರಿದರು.

1995ರಲ್ಲಿ ಒಂದು ಫೆಲೋಶಿಪ್ ಮೇಲೆ ಎರಡು ವರ್ಷಕ್ಕೆ ಭಾರತಕ್ಕೆ ಬಂದರು. ಇಲ್ಲೇ ಮಗು ಹುಟ್ಟಿತು. ಇಪ್ಪತ್ತಾರೂವರೆ ವಾರಕ್ಕೇ ಹುಟ್ಟಿದ ಕೂಸು, ತೂಕ ಒಂದು ಕಿಲೋ ಕೂಡ ಇಲ್ಲ. ಅಂಥ ಮಗುವನ್ನು ಎತ್ತಿಕೊಂಡು ವಿಮಾನ ಹತ್ತಲು ಆಗುತ್ತದೆಯೇ? ಹೊರದೇಶದಲ್ಲಿ ಇರಬಹುದಾದ ಅವಧಿ ದಾಟಿತು, ಅಮೆರಿಕದಲ್ಲಿ ಕಾಯಂ ಆಗಿ ನೆಲೆಸಲು ಬಿಡುವ ಗ್ರೀನ್ ಕಾರ್ಡಿನ ಹಕ್ಕೂ ಹೋಯಿತು. ಹತ್ತಾರು ವರ್ಷ ಅಲ್ಲಿ ಓದಿ, ದುಡಿದು, ತೆರಿಗೆ ಕಟ್ಟಿದ ಮೇಲೂ ಲೆಕ್ಕ ಮತ್ತೆ ಮೊದಲಿನಿಂದ. ಕಡೆಗೆ ಪೌರತ್ವ ಸಿಕ್ಕಿದ್ದು 2000ದಲ್ಲಿ. ಅಂದರೆ ಆ ನೆಲಕ್ಕೆ ಕಾಲಿಟ್ಟ 18 ವರ್ಷಕ್ಕೆ.

ಈ ಘಟನೆಗೆ ಇಷ್ಟು ಜಾಗ ಕೊಟ್ಟಿದ್ದಕ್ಕೆ ಕಾರಣ ಇದೆ. ವಲಸಿಗರ ರಾಜಕೀಯ ಅಂದಾಗ ನಾವು ಸಾಮಾನ್ಯವಾಗಿ ಭಾಷಣ, ಹಣ, ಪಕ್ಷ ಅಂತ ಮಾತಾಡುತ್ತೇವೆ. ಆದರೆ ಅಲ್ಲಿ ಎಲ್ಲಕ್ಕೂ ಮೊದಲು ಬರುವುದು ಕಾಗದ. ಜನಪ್ರತಿನಿಧಿ ಸಭೆಗೆ ನಿಲ್ಲಬೇಕಾದರೆ ಪೌರತ್ವ ಸಿಕ್ಕಿ 7 ವರ್ಷ ಆಗಿರಬೇಕು ಎನ್ನುತ್ತದೆ ಅಮೆರಿಕದ ಸಂವಿಧಾನ. ಮೇಲ್ಮನೆಯಾದ ಸೆನೆಟ್‌ಗೆ 9 ವರ್ಷ. ಅಧ್ಯಕ್ಷ ಹುದ್ದೆಯಂತೂ ಹೊರದೇಶದಲ್ಲಿ ಹುಟ್ಟಿ ಆಮೇಲೆ ಪೌರರಾದವರಿಗೆ ಇಲ್ಲವೇ ಇಲ್ಲ. ಕಾಗದ ಸಿಗುವ ತನಕ ವಲಸಿಗ ಹೆಂಗಸು ಊರಿನ ಕೆಲಸ ಮಾಡಬಹುದು, ಊರಿನ ಆಡಳಿತಕ್ಕೆ ಓಟು ಹಾಕುವ ಹಾಗಿಲ್ಲ. ಎಷ್ಟೋ ಜನ ಸಮುದಾಯದ ಕೆಲಸದಲ್ಲಿ ಪಳಗುವುದು ಈ ಕಾಯುವ ಕಾಲದಲ್ಲೇ.

ಹಳೆಯ ಉದಾಹರಣೆಯೂ ಇದೆ. ಪಂಜಾಬಿನಿಂದ ಹೋಗಿ ಕ್ಯಾಲಿಫೋರ್ನಿಯಾದಲ್ಲಿ ಬೇಸಾಯ ಮಾಡುತ್ತಿದ್ದ ದಲೀಪ್ ಸಿಂಗ್ ಸೌಂದ್ ಭಾರತೀಯರಿಗೆ ಪೌರತ್ವದ ಹಕ್ಕು ಕೊಡಿಸುವ ಚಳವಳಿಯಲ್ಲಿ ದುಡಿದರು. 1946ರಲ್ಲಿ ಕಾನೂನು ಬಂತು, 1949ರಲ್ಲಿ ಅವರು ಪೌರರಾದರು. 1950ರಲ್ಲಿ ಸ್ಥಳೀಯ ನ್ಯಾಯಾಧೀಶರ ಚುನಾವಣೆ ಗೆದ್ದರೆ, ಪೌರತ್ವ ಸಿಕ್ಕಿ ಒಂದು ವರ್ಷ ಆಗಿರಲಿಲ್ಲ ಅಂತ ಕುರ್ಚಿ ಕೊಡಲಿಲ್ಲ. 1952ರಲ್ಲಿ ಮತ್ತೆ ನಿಂತು ಗೆದ್ದರು. 1956ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ಗೇ ಆಯ್ಕೆಯಾದರು, ಏಷ್ಯಾ ಮೂಲದವರಲ್ಲಿ ಮೊದಲಿಗರಾಗಿ. ಅಲ್ಲಿಂದ ಒಬ್ಬ ಭಾರತ ಮೂಲದ ಹೆಂಗಸು ಆ ಸಭೆಗೆ ಹೋಗಲು ಇನ್ನೂ 60 ವರ್ಷ ಬೇಕಾಯಿತು.

ಸೆಪ್ಟೆಂಬರ್ ಆದ ಮೇಲೆ

ಜಯಪಾಲ್ ಪೌರರಾಗಿ ಒಂದು ವರ್ಷ ಆಗಿತ್ತು. ಭಯೋತ್ಪಾದಕ ದಾಳಿಯ ದಿನ, 2001ರ ಸೆಪ್ಟೆಂಬರ್ 11, ಬಂತು. ಎರಡೇ ದಿನಕ್ಕೆ, 13ರಂದು, ಉತ್ತರ ಸಿಯಾಟಲ್‌ನ ಇದ್ರಿಸ್ ಮಸೀದಿಗೆ ಒಬ್ಬ ಪೆಟ್ರೋಲ್ ಮತ್ತು ಬಂದೂಕು ಹಿಡಿದು ಬಂದ. ಹೊರಗೆ ನಿಂತಿದ್ದ ಕಾರುಗಳಿಗೆ ಬೆಂಕಿ ಹಚ್ಚಲು ನೋಡಿದ, ತಡೆಯಲು ಬಂದವರ ಕಡೆ ಗುಂಡು ಹಾರಿಸಿದ. ಆಮೇಲೆ ಅಕ್ಕಪಕ್ಕದವರು ಮಸೀದಿಯ ಸುತ್ತ ಕಾವಲಿಗೆ ನಿಂತರು. ಪೇಟ ಕಟ್ಟಿದ ಸಿಖ್ ಟ್ಯಾಕ್ಸಿ ಚಾಲಕರಿಗೂ ಬೈಗುಳ, ಏಟು ತಪ್ಪಲಿಲ್ಲ.

ಆಗ ಜಯಪಾಲ್ ಕೈಯಲ್ಲಿ ಸಂಸ್ಥೆಯೂ ಇರಲಿಲ್ಲ, ಹುದ್ದೆಯೂ ಇರಲಿಲ್ಲ. ತಮ್ಮ ಕ್ಷೇತ್ರದ ಸಂಸದ ಜಿಮ್ ಮೆಕ್‌ಡರ್ಮಟ್ ಅವರ ಕಚೇರಿಗೆ ಹೋದರು. ಈ ರಾಜ್ಯವನ್ನು ದ್ವೇಷಕ್ಕೆ ಜಾಗವಿಲ್ಲದ ನೆಲ ಅಂತ ಘೋಷಿಸೋಣ ಎನ್ನುವ ಆಲೋಚನೆ ಮುಂದಿಟ್ಟರು. ಅದರಿಂದ ಹುಟ್ಟಿದ್ದೇ ಹೇಟ್ ಫ್ರೀ ಝೋನ್ ಎನ್ನುವ ಸಂಸ್ಥೆ. ಇದೇ ಮೆಕ್‌ಡರ್ಮಟ್ ಕುರ್ಚಿ ಬಿಟ್ಟಾಗ, 15 ವರ್ಷದ ನಂತರ, ಅಲ್ಲಿ ಕೂತವರು ಇದೇ ಜಯಪಾಲ್.

ಘೋಷಣೆ ಸುಲಭ. ಕಷ್ಟ ಶುರುವಾದದ್ದು ಕೆಲವೇ ವಾರಗಳಲ್ಲಿ. ಆ ವರ್ಷ ನವೆಂಬರ್‌ನಲ್ಲಿ ಫೆಡರಲ್ ಅಧಿಕಾರಿಗಳು ದಕ್ಷಿಣ ಸಿಯಾಟಲ್‌ನ ರೇನಿಯರ್ ಕಣಿವೆಯ ಒಂದು ಸೊಮಾಲಿ ಅಂಗಡಿಯ ಮೇಲೆ ದಾಳಿ ಮಾಡಿದರು. ಊರಿನಲ್ಲಿರುವ ಮನೆಯವರಿಗೆ ಹಣ ಕಳಿಸುವ ಅಂಗಡಿ ಅದು. ದಾಳಿ ಮಾಡಿದವರು ಪಕ್ಕದ ದಿನಸಿ ಅಂಗಡಿಯ ಸಾಮಾನನ್ನೂ ತುಂಬಿಕೊಂಡು ಹೋದರು. ಅಕ್ಕಿ ಬೇಳೆ ಮಾರುವವನಿಗೂ ಭಯೋತ್ಪಾದನೆಗೂ ಏನು ಸಂಬಂಧ ಅಂತ ಕೇಳುವವರು ಬೇಕಿತ್ತು. ದ್ವೇಷ ಬೇಡ ಅಂತ ಫಲಕ ಹಿಡಿದ ಗುಂಪು ಈಗ ವಕೀಲರನ್ನು ಹುಡುಕಬೇಕಾಯಿತು, ರಸೀದಿ ಕೂಡಿಸಬೇಕಾಯಿತು, ಹೇಳಿಕೆ ಬರೆಸಿಕೊಳ್ಳಬೇಕಾಯಿತು, ಕಚೇರಿಯಿಂದ ಕಚೇರಿಗೆ ಅಲೆಯಬೇಕಾಯಿತು. ಸಮುದಾಯದ ಕೆಲಸದ ಬಹುಪಾಲು ಹೀಗೇ ಇರುತ್ತದೆ. ಫೋಟೋ ತೆಗೆಯುವಂಥದ್ದು ಅದರಲ್ಲಿ ಏನೂ ಇರುವುದಿಲ್ಲ.

2002ರಲ್ಲಿ ಇದಕ್ಕಿಂತ ದೊಡ್ಡ ಹೊಡೆತ ಬಂತು. ಅಮೆರಿಕ ಸರ್ಕಾರ ಸೊಮಾಲಿಗಳನ್ನು ಗಡೀಪಾರು ಮಾಡಲು ಹೊರಟಿತು. ಆಗ ಸೊಮಾಲಿಯಾದಲ್ಲಿ ನಡೆಯುವ ಸರ್ಕಾರವೇ ಇರಲಿಲ್ಲ. ವಿಮಾನದಿಂದ ಇಳಿಸಿದರೆ ಬರಮಾಡಿಕೊಳ್ಳುವವರು ಯಾರು? ಹೇಟ್ ಫ್ರೀ ಝೋನ್ ವಕೀಲರ ಜತೆ ಸೇರಿ ಸಿಯಾಟಲ್‌ನ ಫೆಡರಲ್ ಕೋರ್ಟಿಗೆ ಹೋಯಿತು. ಮೊಕದ್ದಮೆ ನಾಲ್ಕಾರು ಜನರದ್ದಾಗಿ ಉಳಿಯಲಿಲ್ಲ. ದೇಶದ ಎಲ್ಲ ಕಡೆಯ ಸೊಮಾಲಿಗಳಿಗೂ ಅನ್ವಯವಾಯಿತು. 4,000ಕ್ಕೂ ಹೆಚ್ಚು ಜನರ ಗಡೀಪಾರಿಗೆ ತಡೆ ಸಿಕ್ಕಿತು.

ಇಷ್ಟಕ್ಕೆ ನಿಲ್ಲಿಸಿದರೆ ಗೆಲುವಿನ ಕತೆ. ಆದರೆ 2005ರಲ್ಲಿ ಬೇರೊಬ್ಬ ಸೊಮಾಲಿ ವ್ಯಕ್ತಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 5-4ರ ಬಹುಮತದಲ್ಲಿ ಸರ್ಕಾರದ ಪರ ನಿಂತಿತು. ಆ ಕಡೆಯ ದೇಶ ಮೊದಲೇ ಒಪ್ಪಿಗೆ ಕೊಟ್ಟಿರದಿದ್ದರೂ ಅಲ್ಲಿಗೆ ಕಳಿಸಬಹುದು ಎನ್ನುವ ಅರ್ಥದ ತೀರ್ಪು ಅದು. ಸಿಯಾಟಲ್‌ನ ಗೆಲುವಿನ ಬುಡವೇ ಅಲುಗಾಡಿತು. ನನ್ನ ಪ್ರಕಾರ ಈ ಕತೆಯಲ್ಲಿ ಎಲ್ಲರೂ ದಾಟಿಕೊಂಡು ಹೋಗುವ, ಆದರೆ ತುಂಬಾ ಮುಖ್ಯವಾದ ತಿರುವು ಇದು. ಕೋರ್ಟಿನ ತಡೆ ಅಂದರೆ ಮಳೆಗೆ ಹಿಡಿದ ಕೊಡೆ. ಗಾಳಿ ಬೀಸಿದರೆ ಹಾರಿಹೋಗುತ್ತದೆ. ಸೂರು ಬೇಕು ಅಂದರೆ ಕಾನೂನು ಬದಲಾಗಬೇಕು. ಕಾನೂನು ಮಾಡುವವರು ಲೆಕ್ಕ ಹಾಕುವುದು ಓಟನ್ನು.

ಅರ್ಜಿ ತುಂಬಿಸುವ ಮೇಜು

2008ರಲ್ಲಿ ಸಂಸ್ಥೆ ಒನ್‌ಅಮೆರಿಕ ಅಂತ ಹೆಸರು ಬದಲಿಸಿಕೊಂಡಿತು. ಹೆಸರಿನ ಜತೆ ಕೆಲಸವೂ ಬದಲಾಗಿತ್ತು. ಮೊದಲು ಪೆಟ್ಟು ತಿಂದವರಿಗೆ ಮುಲಾಮು ಹಚ್ಚುವುದೇ ಜಾಸ್ತಿ ಇತ್ತು. ಈಗ ಪೌರತ್ವದ ಅರ್ಜಿ ತುಂಬಿಸುವುದು, ಇಂಗ್ಲಿಷ್ ಕಲಿಸುವುದು, ಪೌರರಾದವರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸುವುದು. ವಾಷಿಂಗ್ಟನ್ ರಾಜ್ಯದಲ್ಲಿ 23,000ಕ್ಕೂ ಹೆಚ್ಚು ಹೊಸ ಪೌರರನ್ನು ಅವರು ಹೀಗೆ ಪಟ್ಟಿಗೆ ಸೇರಿಸಿದರು.

ಈ ಸಂಖ್ಯೆ ದೊಡ್ಡದೇ, ಸಣ್ಣದೇ? ಒಂದು ಹೋಲಿಕೆ ಕೊಡುತ್ತೇನೆ. ಸಿಯಾಟಲ್ ಪಕ್ಕದಲ್ಲಿ ಸೀಟ್ಯಾಕ್ ಎನ್ನುವ ಪುಟ್ಟ ಊರಿದೆ. ದೊಡ್ಡ ವಿಮಾನ ನಿಲ್ದಾಣ ಇರುವುದು ಅಲ್ಲೇ. ಸಾಮಾನು ಹೊರುವವರು, ವಿಮಾನ ತೊಳೆಯುವವರು, ಗಾಲಿಕುರ್ಚಿ ತಳ್ಳುವವರಲ್ಲಿ ವಲಸಿಗರೇ ತುಂಬಾ. 2013ರ ನವೆಂಬರ್‌ನಲ್ಲಿ ಅಲ್ಲಿಯ ಮತದಾರರ ಮುಂದೆ ಒಂದು ಪ್ರಶ್ನೆ ಬಂತು: ವಿಮಾನ ನಿಲ್ದಾಣ ಮತ್ತು ಅಕ್ಕಪಕ್ಕದ ಹೋಟೆಲ್ ಕೆಲಸದವರಿಗೆ ಗಂಟೆಗೆ 15 ಡಾಲರ್ ಕನಿಷ್ಠ ಕೂಲಿ ಕೊಡಬೇಕೇ? ಎಣಿಕೆ, ಮರು ಎಣಿಕೆ ಎಲ್ಲ ಆದ ಮೇಲೆ ಪ್ರಸ್ತಾವ ಗೆದ್ದದ್ದು 77 ಓಟಿನಿಂದ. ಬರೀ 77! ಒಂದು ಮದುವೆ ಪಂಕ್ತಿಗೂ ಅದಕ್ಕಿಂತ ಜಾಸ್ತಿ ಜನ ಕೂರುತ್ತಾರೆ. ಇಂಥ ಊರುಗಳಲ್ಲಿ ಒಂದೊಂದು ಹೊಸ ಮತದಾರನ ತೂಕ ಎಷ್ಟು ಅಂತ ನೀವೇ ನೋಡಿ.

ಪಟ್ಟಿಗೆ ಹೆಸರು ಸೇರಿಸುವ ಕೆಲಸ ಕೇಳಲು ಸರಳ. ಮಾಡಲು ಹೋದರೆ ಗೊತ್ತಾಗುತ್ತದೆ. ಪೌರತ್ವಕ್ಕೆ ಗ್ರೀನ್ ಕಾರ್ಡ್ ಸಿಕ್ಕಿ ಸಾಮಾನ್ಯವಾಗಿ 5 ವರ್ಷ ಆಗಿರಬೇಕು. ಇಂಗ್ಲಿಷ್ ಪರೀಕ್ಷೆ, ದೇಶದ ಇತಿಹಾಸ ಮತ್ತು ಆಡಳಿತದ ಪರೀಕ್ಷೆ ಇರುತ್ತದೆ. ಶುಲ್ಕ ಈಗ ಆನ್‌ಲೈನ್‌ನಲ್ಲಾದರೆ 710 ಡಾಲರ್, ಕಾಗದದಲ್ಲಾದರೆ 760. ಗಂಡ ಹೆಂಡತಿ ಇಬ್ಬರಿಗೂ ಅಂದರೆ ಬಡ ಕುಟುಂಬಕ್ಕೆ ಒಂದು ತಿಂಗಳ ಬಾಡಿಗೆಯ ಹತ್ತಿರ ಹೋಗುತ್ತದೆ. ಮಿಲಿಟರಿ ಆಡಳಿತ, ಯುದ್ಧ ಕಂಡು ಬಂದವರಿಗೆ ಸರ್ಕಾರದ ಯಾವ ಫಾರ್ಮ್ ಮೇಲೆ ಸಹಿ ಹಾಕುವುದೂ ಭಯ. ಆ ಭಯ ಬಿಡಿಸುವುದಕ್ಕೆ ಅವರ ಭಾಷೆ ಬಲ್ಲವರು, ಅವರ ಮನೆಯಲ್ಲಿ ಚಹಾ ಕುಡಿದವರು ಬೇಕು. ಪಕ್ಷದ ಕಾರ್ಯಕರ್ತ ಚುನಾವಣೆಗೆ ಎರಡು ವಾರ ಮುಂಚೆ ಬಂದು ಬಾಗಿಲು ತಟ್ಟಿದರೆ ಆಗುವ ಕೆಲಸ ಅಲ್ಲ ಇದು.

ಇಲ್ಲಿ ಒಂದು ಸೂಕ್ಷ್ಮ ಇದೆ. ತೆರಿಗೆ ವಿನಾಯಿತಿ ಪಡೆದ ಸೇವಾ ಸಂಸ್ಥೆಗಳು ಯಾವ ಅಭ್ಯರ್ಥಿಯ ಪರವಾಗಿಯೂ ಓಟು ಕೇಳುವಂತಿಲ್ಲ ಎನ್ನುತ್ತದೆ ಅಮೆರಿಕದ ಕಾನೂನು. ಪಕ್ಷ ನೋಡದೆ ಮತದಾರರನ್ನು ನೋಂದಾಯಿಸಬಹುದು, ಅಷ್ಟೇ. ಹಾಗಾಗಿ ಸಂಸ್ಥೆಯ ಬೋರ್ಡು ಹಿಡಿದು ಯಾರೂ ಚುನಾವಣೆಗೆ ಇಳಿಯಲಾಗದು. ಜಯಪಾಲ್ 2012ರಲ್ಲಿ ಒನ್‌ಅಮೆರಿಕದ ಮುಖ್ಯಸ್ಥರ ಹುದ್ದೆ ಬಿಟ್ಟರು. ಚುನಾವಣೆಗೆ ನಿಂತದ್ದು ಎರಡು ವರ್ಷ ಕಳೆದು. ಹೊರಗೆ ಬರುವಾಗ ಅವರ ಕೈಯಲ್ಲಿ ಇದ್ದದ್ದು ಸಂಸ್ಥೆ ಅಲ್ಲ, ಪರಿಚಯ. ಯಾವ ಮಸೀದಿಯಲ್ಲಿ ಯಾರ ಮಾತು ನಡೆಯುತ್ತದೆ, ಯಾವ ಯೂನಿಯನ್‌ನಲ್ಲಿ ಯಾರಿಗೆ ಫೋನ್ ಮಾಡಬೇಕು, ಯಾವ ಪಾದ್ರಿ ಮಧ್ಯರಾತ್ರಿಗೂ ಎದ್ದು ಬರುತ್ತಾರೆ, ಇದೆಲ್ಲ ದುಡ್ಡು ಕೊಟ್ಟರೆ ಸಿಗುವಂಥದ್ದಲ್ಲ.

ದುಡ್ಡಿನ ಮಾತು ಬಂತಲ್ಲ, ನಮ್ಮ ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಠಾಣೇದಾರ್ ಅವರನ್ನು ಇಲ್ಲಿ ನೆನೆಯಬೇಕು. ಅವರದ್ದು ಇನ್ನೊಂದು ದಾರಿ. ಕಷ್ಟಪಟ್ಟು ಮೇಲೆ ಬಂದ ಉದ್ಯಮಿ. 2018ರಲ್ಲಿ ಮಿಷಿಗನ್ ಗವರ್ನರ್ ಹುದ್ದೆಯ ಪ್ರೈಮರಿಗೆ, ಅಂದರೆ ಪಕ್ಷದ ಅಭ್ಯರ್ಥಿ ಯಾರು ಅಂತ ತೀರ್ಮಾನಿಸುವ ಮೊದಲ ಸುತ್ತಿಗೆ, 1 ಕೋಟಿ ಡಾಲರಿಗೂ ಹೆಚ್ಚು ಸ್ವಂತ ಹಣ ಸುರಿದು ಮೂರನೇ ಸ್ಥಾನಕ್ಕೆ ನಿಂತರು. ಆಮೇಲೆ 2020ರಲ್ಲಿ ರಾಜ್ಯದ ಶಾಸನಸಭೆಗೆ, 2022ರಲ್ಲಿ ಕಾಂಗ್ರೆಸ್‌ಗೆ ಗೆದ್ದರು. ಹಣ ಹೆಸರನ್ನು ಎಲ್ಲರ ಬಾಯಿಗೆ ಬರುವ ಹಾಗೆ ಮಾಡುತ್ತದೆ, ಅದನ್ನು ಅಲ್ಲಗಳೆಯಲಾಗದು. ಆದರೆ ವಲಸೆ ಹೋದ ಹೆಂಗಸರಲ್ಲಿ ಎಷ್ಟು ಜನರ ಬಳಿ ಅಷ್ಟು ದುಡ್ಡಿರುತ್ತದೆ? ಅವರಿಗೆ ಉಳಿಯುವ ದಾರಿ ಜಯಪಾಲ್ ನಡೆದದ್ದೇ. ನಿಧಾನದ್ದು.

ಎರಡು ಚುನಾವಣೆ

ಸಿಯಾಟಲ್ ಮೇಯರ್ ಕನಿಷ್ಠ ಕೂಲಿಯ ವಿಷಯಕ್ಕೆ ಸಮಿತಿ ರಚಿಸಿದರು. ಜಯಪಾಲ್ ಅದರಲ್ಲಿದ್ದರು. ನಗರ 2014ರಲ್ಲಿ 15 ಡಾಲರ್ ಒಪ್ಪಿಕೊಂಡಿತು. ಇದೇ ಹೊತ್ತಿಗೆ ಪುಣೆಯಲ್ಲಿ ಹುಟ್ಟಿದ ಕ್ಷಮಾ ಸಾವಂತ್ ಅದೇ 15 ಡಾಲರ್ ಘೋಷಣೆ ಹಿಡಿದು ನಗರಸಭೆಗೆ ಗೆದ್ದು ಬಂದಿದ್ದರು. ಸಾವಂತ್ ಡೆಮಾಕ್ರಟಿಕ್ ಪಕ್ಷವನ್ನು ಹೊರಗಿನಿಂದ ಬೈದು ಬೆಳೆದವರು, ಜಯಪಾಲ್ ಒಳಗೆ ಹೋಗಿ ಜಗ್ಗಿದವರು. ಒಂದೇ ಊರು, ಇಬ್ಬರು ಭಾರತ ಮೂಲದ ಹೆಂಗಸರು, ಇಬ್ಬರಿಗೂ ಒಂದೇ ಹಣೆಪಟ್ಟಿ ಹಚ್ಚಿದರೆ ಇಬ್ಬರೂ ಅರ್ಥವಾಗುವುದಿಲ್ಲ.

2014ರಲ್ಲೇ ರಾಜ್ಯ ಸೆನೆಟ್‌ನ 37ನೇ ಕ್ಷೇತ್ರ ಖಾಲಿಯಾಯಿತು. ದಕ್ಷಿಣ ಸಿಯಾಟಲ್, ರೆಂಟನ್ ಕಡೆಯ, ಕಪ್ಪು ಜನ, ಏಷ್ಯಾದವರು, ಆಫ್ರಿಕಾದವರು ಕೂಡಿ ಬಾಳುವ ಪ್ರದೇಶ. ಜಯಪಾಲ್ ವರ್ಷಗಟ್ಟಲೆ ಕೆಲಸ ಮಾಡಿದ್ದು ಇಲ್ಲೇ. ಆರು ಜನರಿದ್ದ ಪ್ರೈಮರಿಯಲ್ಲೇ ಅರ್ಧಕ್ಕಿಂತ ಹೆಚ್ಚು ಓಟು ಬಿತ್ತು. ನವೆಂಬರ್ ಚುನಾವಣೆ ಆ ಮೇಲೆ ಶಾಸ್ತ್ರಕ್ಕೆ ನಡೆದ ಹಾಗಾಯಿತು.

2016 ಅಷ್ಟು ಸಲೀಸಾಗಿರಲಿಲ್ಲ. 1989ರಿಂದ ಸಂಸದರಾಗಿದ್ದ ಮೆಕ್‌ಡರ್ಮಟ್ ನಿವೃತ್ತಿ ಹೇಳಿದರು. 7ನೇ ಕ್ಷೇತ್ರ ಸಿಯಾಟಲ್‌ನ ಬಹುಪಾಲನ್ನು ಒಳಗೊಂಡದ್ದು, ಡೆಮಾಕ್ರಟಿಕ್ ಪಕ್ಷದ ಭದ್ರ ಕೋಟೆ. ವಾಷಿಂಗ್ಟನ್ ರಾಜ್ಯದಲ್ಲಿ ಪ್ರೈಮರಿಯ ನಿಯಮವೇ ಬೇರೆ. ಎಲ್ಲ ಪಕ್ಷದವರೂ ಒಂದೇ ಪ್ರೈಮರಿಯಲ್ಲಿ ನಿಲ್ಲುತ್ತಾರೆ, ಮೊದಲ ಇಬ್ಬರು ನವೆಂಬರ್‌ಗೆ ಹೋಗುತ್ತಾರೆ. ಹೀಗಾಗಿ ಕೊನೆಯ ಕಣದಲ್ಲೂ ಇಬ್ಬರೂ ಡೆಮಾಕ್ರಟ್‌ಗಳೇ ಉಳಿದರು. ಎದುರಾಳಿ ಬ್ರೇಡಿ ವಾಕಿನ್‌ಶಾ, ತಾಯಿ ಕ್ಯೂಬಾದಿಂದ ವಲಸೆ ಬಂದವರು. ಅಂದರೆ ವಲಸಿಗರ ಹಿನ್ನೆಲೆ ಇಬ್ಬರಿಗೂ ಇತ್ತು. ಅದರ ಮೇಲೆ ಮಾತ್ರ ಓಟು ಕೇಳಲು ಆಗುತ್ತಿರಲಿಲ್ಲ.

ಪ್ರೈಮರಿಯಲ್ಲಿ ಜಯಪಾಲ್‌ಗೆ ಸುಮಾರು ಶೇ. 42, ವಾಕಿನ್‌ಶಾಗೆ ಶೇ. 21. ನವೆಂಬರ್‌ನಲ್ಲಿ 56-44. ಆ ವರ್ಷ ಅಧ್ಯಕ್ಷ ಹುದ್ದೆಯ ಪ್ರೈಮರಿಯಲ್ಲಿ ಸೆಣಸುತ್ತಿದ್ದ ಸೆನೆಟರ್ ಬರ್ನಿ ಸ್ಯಾಂಡರ್ಸ್ ಏಪ್ರಿಲ್‌ನಲ್ಲೇ ಬೆಂಬಲ ಕೊಟ್ಟು, ತಮ್ಮ ಬೆಂಬಲಿಗರಿಂದ ಸಣ್ಣ ಸಣ್ಣ ಮೊತ್ತದ ದೇಣಿಗೆ ಹರಿಸಿದ್ದರು. ಆ ಬಲವನ್ನು ಕಡಿಮೆ ಅಂತ ಹೇಳಲಾರೆ. ಆದರೆ ಅದನ್ನು ಬಾಗಿಲಿನಿಂದ ಬಾಗಿಲಿಗೆ ಒಯ್ಯುವುದಕ್ಕೆ ಜನ ಬೇಕಲ್ಲ. ಸಾವಿರಾರು ಓಟು ಕೇಳುವ ಫೋನ್ ಕರೆಗಳಿಗೆ, ಮನೆ ಮನೆ ತಿರುಗುವುದಕ್ಕೆ ಜನ ಸೇರಿಸುವ ಕಲೆ ಅವರಿಗೆ ಆಗಲೇ ಕರಗತವಾಗಿತ್ತು.

ಇಲ್ಲಿ ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು. ಜಯಪಾಲ್ ನಿರಾಶ್ರಿತರಾಗಿ ಬಂದವರಲ್ಲ. ಚೆನ್ನಾದ ಇಂಗ್ಲಿಷ್, ದೊಡ್ಡ ವಿಶ್ವವಿದ್ಯಾಲಯಗಳ ಡಿಗ್ರಿ, ಕಂಪನಿಗಳ ಅನುಭವ ಎಲ್ಲ ಇತ್ತು. ಸಂಸದರ ಕಚೇರಿಗೆ ಹೋಗಿ ಕೂತು ಮಾತಾಡುವ ಧೈರ್ಯ ಬರುವುದು ಇಂಥ ಹಿನ್ನೆಲೆಯಿಂದಲೂ ಹೌದು. ಅವರು ಯಾರ ಪರ ಕೆಲಸ ಮಾಡಿದರೋ ಆ ಸೊಮಾಲಿ ಹೆಂಗಸರಿಗೆ ಅದೇ ಕಚೇರಿಯ ಬಾಗಿಲು ಅಷ್ಟು ಸುಲಭಕ್ಕೆ ತೆರೆಯುತ್ತಿರಲಿಲ್ಲ. ವಲಸಿಗ ಮಹಿಳೆ ಅಂದ ತಕ್ಷಣ ಎಲ್ಲರ ಏಣಿಯೂ ಒಂದೇ ಮೆಟ್ಟಿಲಿನಿಂದ ಶುರುವಾಗುವುದಿಲ್ಲ.

ಒಳಗೆ ಹೋದ ಮೇಲೆ

2017ರ ಜನವರಿ ಮೊದಲ ವಾರ ಪ್ರಮಾಣವಚನ. ಅದೇ ತಿಂಗಳ ಕೊನೆಗೆ ಟ್ರಂಪ್ ಸರ್ಕಾರ ಏಳು ಮುಸ್ಲಿಂ ದೇಶಗಳವರ ಪ್ರವೇಶಕ್ಕೆ ತಡೆ ಹಾಕಿತು. ಹೊಸ ಸಂಸದೆ ಸೀಟ್ಯಾಕ್ ವಿಮಾನ ನಿಲ್ದಾಣಕ್ಕೆ ಓಡಿದರು. 2018ರ ಜೂನ್‌ನಲ್ಲಿ ಗಡಿಯಲ್ಲಿ ಮಕ್ಕಳಿಂದ ಬೇರೆ ಮಾಡಿದ ತಾಯಂದಿರನ್ನು ಸೀಟ್ಯಾಕ್‌ನ ಸೆರೆಮನೆಗೆ ಹೋಗಿ ಕಂಡರು. ಅದೇ ತಿಂಗಳು ರಾಜಧಾನಿಯ ಸೆನೆಟ್ ಕಟ್ಟಡದಲ್ಲಿ ನಡೆದ ಮಹಿಳೆಯರ ಧರಣಿಯಲ್ಲಿ ಕೂತರು. ಪೊಲೀಸರು ಸುಮಾರು 575 ಜನರನ್ನು ಬಂಧಿಸಿದರು, ಅವರಲ್ಲಿ ಇವರೂ ಒಬ್ಬರು. ಸಂಸದೆಯಾದರೂ ಬೀದಿಯ ಅಭ್ಯಾಸ ಹೋಗಿರಲಿಲ್ಲ.

ಆದರೆ ಸಂಘಟನೆಯ ಪಟ್ಟು ಸಭೆಯೊಳಗೆ ಎಷ್ಟು ನಡೆಯುತ್ತದೆ? ಇದರ ನಿಜವಾದ ಪರೀಕ್ಷೆ 2021ರಲ್ಲಿ ಆಯಿತು. ಆಗ ಅವರು ಡೆಮಾಕ್ರಟಿಕ್ ಪಕ್ಷದೊಳಗಿನ, 90ಕ್ಕೂ ಹೆಚ್ಚು ಸಂಸದರ ಪ್ರಗತಿಪರ ಗುಂಪಿನ ಅಧ್ಯಕ್ಷೆ. ಬೈಡನ್ ಸರ್ಕಾರದ ಎರಡು ಮಸೂದೆ ಮುಂದಿದ್ದವು. ಒಂದು ರಸ್ತೆ, ಸೇತುವೆಗಳದ್ದು, ಎರಡೂ ಪಕ್ಷದವರಿಗೆ ಒಪ್ಪಿಗೆ. ಇನ್ನೊಂದು ಮಕ್ಕಳ ಪಾಲನೆ, ಆರೋಗ್ಯ, ಹವಾಮಾನದ್ದು. ಎರಡನೆಯದು ಪಾಸಾಗುವ ಖಾತ್ರಿ ಇಲ್ಲದೆ ಮೊದಲನೆಯದಕ್ಕೆ ಓಟು ಕೊಡುವುದಿಲ್ಲ ಅಂತ ಜಯಪಾಲ್ ಗುಂಪು ಪಟ್ಟು ಹಿಡಿಯಿತು. ಸೆಪ್ಟೆಂಬರ್ ಕೊನೆಗೆ ನಡೆಯಬೇಕಿದ್ದ ಮತದಾನ ಮುಂದೆ ಹೋಯಿತು. ನಾಯಕರು ಹೇಳಿದ ದಿನಕ್ಕೆ ಕೈ ಎತ್ತುವ ಗುಂಪು ಈ ಸಲ ಕೈ ಕಟ್ಟಿ ಕೂತಿತ್ತು. ಇದು ಶುದ್ಧ ಯೂನಿಯನ್ ಪಾಠ.

ನವೆಂಬರ್ 5ಕ್ಕೆ ಗುಂಪಿನ ಬಹುಪಾಲು ಜನ ರಸ್ತೆ ಮಸೂದೆಗೆ ಒಪ್ಪಿದರು. ಆರು ಜನ ಡೆಮಾಕ್ರಟ್‌ಗಳು ಒಪ್ಪಲಿಲ್ಲ. ಡಿಸೆಂಬರ್‌ನಲ್ಲಿ ಸೆನೆಟರ್ ಜೋ ಮಂಚಿನ್ ಎರಡನೆಯದಕ್ಕೆ ಬೆಂಬಲ ಇಲ್ಲ ಎಂದುಬಿಟ್ಟರು. ಅದರಲ್ಲಿದ್ದ ಹವಾಮಾನ, ಔಷಧ ಬೆಲೆಯ ಕೆಲವು ಅಂಶಗಳು 2022ರ ಆಗಸ್ಟ್‌ನಲ್ಲಿ ಬೇರೆ ರೂಪದಲ್ಲಿ ಕಾನೂನಾದವು. ಮಕ್ಕಳ ಪಾಲನೆಯ ಭಾಗ ಬಿದ್ದೇ ಹೋಯಿತು. ಬಿಗಿ ಹಿಡಿದಿದ್ದರೆ ಎಲ್ಲ ಸಿಗುತ್ತಿತ್ತು ಎನ್ನುವವರೂ ಇದ್ದಾರೆ, ಪಟ್ಟು ಹಿಡಿಯದಿದ್ದರೆ ಇಷ್ಟೂ ಸಿಗುತ್ತಿರಲಿಲ್ಲ ಎನ್ನುವವರೂ ಇದ್ದಾರೆ. ನನಗೆ ಎರಡನೆಯದೇ ಸರಿ ಅನ್ನಿಸುತ್ತದೆ. ಹೊರಗಿನ ಹೋರಾಟದಲ್ಲಿ ಎದುರಾಳಿ ಯಾರು ಅಂತ ಗೊತ್ತಿರುತ್ತದೆ. ಒಳಗೆ ನಿಮ್ಮದೇ ಪಕ್ಷದ ಒಬ್ಬ ಸೆನೆಟರ್ ಸಾಕು ಆಟ ಕೆಡಿಸಲು.

ಎಡವಿದ್ದೂ ಇದೆ. 2022ರ ಅಕ್ಟೋಬರ್‌ನಲ್ಲಿ ಉಕ್ರೇನ್ ಯುದ್ಧಕ್ಕೆ ಮಾತುಕತೆಯ ದಾರಿ ಹುಡುಕಿ ಅಂತ ಬೈಡನ್‌ಗೆ ಬರೆದ ಪತ್ರ ಹೊರಬಂತು. ತಿಂಗಳುಗಳ ಹಿಂದೆ ಸಹಿ ಹಾಕಿದ್ದ ಪತ್ರ. ಪಕ್ಷದೊಳಗೇ ಗಲಾಟೆ ಎದ್ದು ಮರುದಿನವೇ ವಾಪಸು ತೆಗೆದುಕೊಂಡರು. ಸಿಬ್ಬಂದಿ ಪರಿಶೀಲಿಸದೆ ಬಿಟ್ಟರು ಎನ್ನುವ ವಿವರಣೆ ಯಾರಿಗೂ ಅಷ್ಟಾಗಿ ರುಚಿಸಲಿಲ್ಲ.

ಭಾರತದ ಜತೆಗಿನ ನಂಟು ಇನ್ನೊಂದು ಕತೆ. 2019ರ ಡಿಸೆಂಬರ್‌ನಲ್ಲಿ ಕಾಶ್ಮೀರದ ನಿರ್ಬಂಧಗಳನ್ನು ತೆಗೆಯಬೇಕು, ಬಂಧಿತರನ್ನು ಬಿಡಬೇಕು ಎನ್ನುವ ನಿರ್ಣಯ ಮಂಡಿಸಿದರು. ಆ ತಿಂಗಳು ರಾಜಧಾನಿ ವಾಷಿಂಗ್ಟನ್‌ಗೆ ಹೋಗಿದ್ದ ವಿದೇಶಾಂಗ ಸಚಿವ ಎಸ್. ಜೈಶಂಕರ್, ಜಯಪಾಲ್ ಇರುವ ಸಭೆಗೆ ಬರುವುದಿಲ್ಲ ಅಂತ ಸಂಸದರ ಜತೆಗಿನ ಭೇಟಿಯನ್ನೇ ರದ್ದು ಮಾಡಿದರು. ಮೂರು ವರ್ಷದ ಹಿಂದೆ ‘ನಮ್ಮ ಮಗಳು’ ಅಂತ ಹಾರ ಹಾಕಿದ ಬಾಯಿಗಳೇ ಈಗ ಬೈದವು. ಅವರ ನಿಲುವನ್ನು ಒಪ್ಪಬೇಕು ಅಂತ ನಾನು ಹೇಳುತ್ತಿಲ್ಲ. ಆದರೆ ಆಶ್ಚರ್ಯ ಪಡುವುದಕ್ಕೇನಿದೆ? ವಿಚಾರಣೆ ಇಲ್ಲದೆ ಒಳಗೆ ಹಾಕಿದವರ ಪರ ಕೆಲಸ ಮಾಡುತ್ತಲೇ ರಾಜಕೀಯಕ್ಕೆ ಬಂದವರು ಅವರು. ಅವರನ್ನು ಗೆಲ್ಲಿಸಿದ್ದೂ ಸಿಯಾಟಲ್. ನಮಗೆ ಉತ್ತರ ಹೇಳುವ ಹೊಣೆ ಅವರಿಗೆ ಯಾವತ್ತೂ ಇರಲಿಲ್ಲ. ಊರು ಹುಡುಕುವ ಆಟದ ತೊಂದರೆ ಇದೇ.

ಬೆಲೆಯನ್ನೂ ತೆತ್ತಿದ್ದಾರೆ. 2022ರ ಜುಲೈನಲ್ಲಿ ರಾತ್ರಿ ಹೊತ್ತು ಒಬ್ಬ ಪಿಸ್ತೂಲು ಇಟ್ಟುಕೊಂಡು ಅವರ ಮನೆ ಮುಂದೆ ನಿಂತು ಕೂಗಾಡಿದ. ಭಾರತಕ್ಕೆ ವಾಪಸು ಹೋಗು ಅಂತ ಬೈದು ಕಳಿಸಿದ ಧ್ವನಿ ಸಂದೇಶಗಳನ್ನು ಆ ವರ್ಷ ಅವರೇ ಹೊರಗೆ ಬಿಟ್ಟರು.

ಕೆರೆಯಾಚೆಯ ನಮ್ಮವರು

ಈಗ ರೆಡ್ಮಂಡ್, ಬೆಲ್ವ್ಯೂ ಕಡೆ ಬರೋಣ. ಎಚ್-1ಬಿ ಎನ್ನುವ ಉದ್ಯೋಗದ ವೀಸಾದಲ್ಲಿ ಇರುವ ಕನ್ನಡಿಗರು ಅಲ್ಲಿ ಬೇಕಾದಷ್ಟು. ಉದ್ಯೋಗದ ಮೇಲಿನ ಗ್ರೀನ್ ಕಾರ್ಡ್ ವರ್ಷಕ್ಕೆ ಸುಮಾರು 1,40,000, ಅದರಲ್ಲಿ ಒಂದು ದೇಶಕ್ಕೆ ಶೇ. 7ರ ಮಿತಿ. ಭಾರತದವರ ಸಾಲು ಇದರಿಂದಲೇ ಹನುಮಂತನ ಬಾಲ. ಅಲ್ಲೇ ಮನೆ ಕೊಂಡಿರುತ್ತಾರೆ, ಆಸ್ತಿ ತೆರಿಗೆ ಕಟ್ಟುತ್ತಾರೆ, ಮಕ್ಕಳು ಅಲ್ಲಿಯ ಸರ್ಕಾರಿ ಶಾಲೆಗೆ ಹೋಗುತ್ತಾರೆ. ಓಟು ಮಾತ್ರ ಇಲ್ಲ. ಅವರ ಹೆಂಡತಿಯರು ಎಷ್ಟೋ ಜನ ಎಚ್-1ಬಿಯವರ ಕುಟುಂಬಕ್ಕೆ ಕೊಡುವ ಎಚ್-4 ವೀಸಾದಲ್ಲಿ ಬಂದು, ಸಂಬಳದ ಕೆಲಸಕ್ಕೆ ಅನುಮತಿ ಇಲ್ಲದೆ ವರ್ಷಗಟ್ಟಲೆ ಕೂತವರು. ಭಾನುವಾರದ ಕನ್ನಡ ಶಾಲೆ ನಡೆಸುವವರು, ಯುಗಾದಿಗೆ ಐನೂರು ಜನರ ಊಟದ ಲೆಕ್ಕ ಹಾಕುವವರು, ರಾಜ್ಯೋತ್ಸವಕ್ಕೆ ಸಭಾಂಗಣ ಹುಡುಕಿ ಕಾಡಿ ಬೇಡಿ ಪ್ರಾಯೋಜಕರನ್ನು ತರುವವರು ಹೆಚ್ಚಾಗಿ ಇವರೇ. ಸಂಘಟನೆ ಅಂದರೆ ಇದಕ್ಕಿಂತ ಬೇರೆ ಏನು?

ಆ ಕಸುಬು ಸಭಾಂಗಣದ ಬಾಗಿಲು ದಾಟಿ ಹೊರಗೆ ಹೋಗುವುದು ಕಮ್ಮಿ. ಸಂಘದ ಅಧ್ಯಕ್ಷಗಿರಿಗೆ ನಡೆಯುವ ಪೈಪೋಟಿಯ ಅರ್ಧದಷ್ಟು ಶಾಲಾ ಮಂಡಳಿಯ ಸಭೆಗೆ ಹೋಗುವುದರಲ್ಲಿ ಇದ್ದಿದ್ದರೆ ಅಂತ ಸುಮ್ನೆ ಒಮ್ಮೊಮ್ಮೆ ಅನ್ನಿಸುತ್ತದೆ. ನಗರಸಭೆಯ, ಶಾಲಾ ಮಂಡಳಿಯ ಸಭೆಯಲ್ಲಿ ಎದ್ದು ನಿಂತು ಮಾತಾಡಲು ಪೌರತ್ವ ಬೇಕಿಲ್ಲ. ಗ್ರೀನ್ ಕಾರ್ಡ್ ಇರುವವರು ಅಭ್ಯರ್ಥಿಗಳಿಗೆ ದೇಣಿಗೆ ಕೊಡಬಹುದು. ಸಿಯಾಟಲ್ ನಗರವಂತೂ 2015ರಲ್ಲಿ ಜನ ಓಟು ಹಾಕಿ ತಂದ ಯೋಜನೆಯಲ್ಲಿ ಪ್ರತಿ ಚುನಾವಣೆಗೆ 25 ಡಾಲರ್‌ನ ನಾಲ್ಕು ಚೀಟಿ ಕೊಡುತ್ತದೆ. ಇಷ್ಟವಾದ ಅಭ್ಯರ್ಥಿಗೆ ಕೊಡಬಹುದು, ಗ್ರೀನ್ ಕಾರ್ಡ್ ಇರುವವರಿಗೂ ಆ ಚೀಟಿ ಸಿಗುತ್ತದೆ. ಒಂದು ಎಚ್ಚರಿಕೆ ಮಾತ್ರ: ಪೌರತ್ವ ಸಿಗದೆ ಮತದಾರರ ಪಟ್ಟಿಗೆ ಹೆಸರು ಸೇರಿಸುವ ತಪ್ಪು ಮಾಡಬಾರದು. ಗೊತ್ತಿಲ್ಲದೆ ಮಾಡಿದರೂ ಗಡೀಪಾರಿನ ತನಕ ಹೋಗಬಹುದು.

ಜಯಪಾಲ್ 2025ರ ಜನವರಿಯಲ್ಲಿ ಪ್ರಗತಿಪರ ಗುಂಪಿನ ಅಧ್ಯಕ್ಷ ಸ್ಥಾನ ಬಿಟ್ಟುಕೊಟ್ಟರು. ಆ ಬಳಿಕ ಜನಪ್ರತಿನಿಧಿ ಸಭೆಯ ವಲಸೆ ಉಪಸಮಿತಿಯಲ್ಲಿ ವಿರೋಧ ಪಕ್ಷದ ಮುಂದಾಳು. ಟ್ರಂಪ್ ಸರ್ಕಾರ ಮತ್ತೆ ಬಂದಿದೆ, ವಲಸಿಗರ ಮೇಲಿನ ದಾಳಿಗಳೂ ಮತ್ತೆ ಶುರುವಾಗಿವೆ. ಇಪ್ಪತ್ತೈದು ವರ್ಷದ ಹಿಂದಿನ ರೇನಿಯರ್ ಕಣಿವೆಯ ಪ್ರಶ್ನೆಯೇ ಅವರ ಮೇಜಿನ ಮೇಲೆ ತಿರುಗಿ ಬಂದಿದೆ.

ಅವರ ಕ್ಷೇತ್ರದ ಕಚೇರಿಯಲ್ಲಿ ಹಮ್ದಿ ಮೊಹಮದ್ ಎನ್ನುವ ಯುವತಿ ಕೆಲಸ ಮಾಡುತ್ತಿದ್ದರು. ಚಿಕ್ಕ ಮಗುವಾಗಿದ್ದಾಗ ಸೊಮಾಲಿಯಾದಿಂದ ನಿರಾಶ್ರಿತರಾಗಿ ಬಂದವರು. 2021ರಲ್ಲಿ ಅವರು ಸಿಯಾಟಲ್ ಬಂದರು ಆಡಳಿತ ಮಂಡಳಿಯ ಚುನಾವಣೆಗೆ ನಿಂತು, ಹಾಲಿ ಸದಸ್ಯರನ್ನು ಸೋಲಿಸಿ ಗೆದ್ದರು. ಬಂದರಿನ ಜತೆಗೆ ಸೀಟ್ಯಾಕ್ ವಿಮಾನ ನಿಲ್ದಾಣವನ್ನೂ ನಡೆಸುವುದು ಇದೇ ಮಂಡಳಿ.